ಇನ್ಯೂಟ್ ಕಲ್ಲಚ್ಚು ಚಿತ್ರಗಳಲ್ಲಿ ಶಾಮನ್‌ನ ಕುರುಹುಗಳು: ಟಿಪ್ಪಣಿ

ಆರ್ಕ್ಟಿಕ್ ಭಾಗದ ಮೂಲನಿವಾಸಿಗಳಾದ ಇನ್ಯೂಟರ ಅಚ್ಚುಚಿತ್ರದಲ್ಲಿ ಅರ್ಧ ಹಕ್ಕಿ, ಅರ್ಧ ಮನುಷ್ಯನ ಆಕೃತಿ ಕಂಡ ಕೂಡಲೇ ‘ಇದು ಶಾಮನ್’ (ಆತ್ಮಗಳೊಡನೆ ವ್ಯವಹರಿಸುವ ಮಾಂತ್ರಿಕ) ಎಂದು ಬರೆದುಬಿಡುವುದೇ ಇಲ್ಲಿ ಹೆಚ್ಚಿನವರು ಎಡವುವ ಜಾಗ. ಮೊದಲು ಅಚ್ಚಿನ ಕೆಲಸ ಗೊತ್ತಿರಲಿ.

ಕೆನಡಾದ ಕೇಪ್ ಡಾರ್ಸೆಟ್‌ನಲ್ಲಿ (ಈಗಿನ ಹೆಸರು ಕಿನ್‌ಗೈತ್) 1957ರ ಹೊತ್ತಿಗೆ ಪ್ರಯೋಗ ಶುರುವಾಯಿತು. ಕೆನಡಾದ ಕಲಾವಿದ ಜೇಮ್ಸ್ ಹ್ಯೂಸ್ಟನ್ ಜಪಾನಿಗೆ ಹೋಗಿ ಉನಿಚಿ ಹಿರಾತ್ಸುಕಾ ಅವರಲ್ಲಿ ಮರದಚ್ಚು ಕಲಿತು ಬಂದರು. ಮೊದಲ ವಾರ್ಷಿಕ ಸಂಗ್ರಹ 1959ರದ್ದು. ಚಿತ್ರ ಬರೆಯುವವರು ಒಬ್ಬರು, ಕಲ್ಲು ಕೆತ್ತಿ ಅಚ್ಚು ಹಾಕುವವರು ಸಾಮಾನ್ಯವಾಗಿ ಬೇರೆಯವರು. ಸಮತಟ್ಟು ಮಾಡಿದ ಕಲ್ಲಿನ ಮೇಲೆ ಚಿತ್ರ ಇಳಿಸಿ, ಬಣ್ಣ ಬೇಡದ ಭಾಗವನ್ನೆಲ್ಲ ಕೆತ್ತಿ ತೆಗೆಯುತ್ತಾರೆ. ಉಬ್ಬಿದ ಭಾಗಕ್ಕೆ ರೋಲರ್‌ನಿಂದ ಶಾಯಿ ಹಚ್ಚಿ, ತೆಳ್ಳನೆಯ ಜಪಾನಿ ಕಾಗದ ಹಾಸಿ, ಹಿಂಬದಿಯಿಂದ ಕೈಯಲ್ಲೇ ಉಜ್ಜುತ್ತಾರೆ. ಸಾಮಾನ್ಯವಾಗಿ 50 ಪ್ರತಿ. ಶಾಯಿ ಹೆಚ್ಚಾದರೆ ಕೆತ್ತಿದ ಗೆರೆ ತುಂಬಿಹೋಗುತ್ತದೆ. ಉಬ್ಬುಗೆರೆ ತೀರಾ ಸಣ್ಣದಾದರೆ ಕಲ್ಲು ಸಿಡಿಯುತ್ತದೆ, ಹಾಗಾಗಿ ದಪ್ಪ ಆಕಾರ, ಒಳಗೆ ಬಿಳಿ ಗೆರೆ. ಕಲ್ಲಿನಲ್ಲಿರುವುದು ಕಾಗದದಲ್ಲಿ ಎಡಬಲ ತಿರುಗಿ ಬರುತ್ತದೆ. ಚಿತ್ರವನ್ನು ಮಗುಚಿ ಇಳಿಸದಿದ್ದರೆ ಬಲಗೈಯ ತಮಟೆ ಎಡಗೈಗೆ ಹೋಗುತ್ತದೆ. ಮೂಲ ಚಿತ್ರ ನೋಡದೆ ‘ಎಡಗೈ ಯಾಕೆ’ ಎಂದು ಅರ್ಥ ಕಟ್ಟಲು ಹೋಗಬೇಡಿ.

ಈಗ ಕುರುಹುಗಳು. ಇನ್ಯೂಟರ ಶಾಮನ್ ಅಂಗಾಕ್ಕುಕ್. ಅವನಿಗೆ ನೆರವಾಗುವ ಆತ್ಮಗಳು ತೂರ್ನ್‌ಗೈತ್. ಒಂದೇ ದೇಹದಿಂದ ಕರಡಿ, ಹಕ್ಕಿ, ಮನುಷ್ಯನ ತಲೆಗಳು ಹೊರಟಿದ್ದರೆ ಆ ದಿಕ್ಕಿನಲ್ಲಿ ಯೋಚಿಸಬಹುದು. ಮೈಯೊಳಗಿನ ಎಲುಬು ಕಾಣುವುದು ಇನ್ನೂ ಗಟ್ಟಿ ಸುಳಿವು: ಇಗ್ಲೂಲಿಕ್ ಭಾಗದಲ್ಲಿ ಅಂಗಾಕ್ಕುಕ್ ಆಗುವವನು ತನ್ನನ್ನೇ ಅಸ್ಥಿಪಂಜರವಾಗಿ ಕಂಡು, ಒಂದೊಂದು ಎಲುಬನ್ನೂ ಹೆಸರು ಹಿಡಿದು ಹೇಳಬೇಕಿತ್ತೆಂದು 1921–24ರ ಐದನೇ ಥೂಲೆ ಯಾತ್ರೆಯಲ್ಲಿ (ಡೆನ್ಮಾರ್ಕಿನವರ ಆರ್ಕ್ಟಿಕ್ ಸಂಶೋಧನಾ ಯಾತ್ರೆ) ದಾಖಲಾಗಿದೆ. ಆದರೆ ಎದೆಯ ಮೇಲಿನ ಬಿಳಿ ಪಟ್ಟಿಗಳೆಲ್ಲ ಪಕ್ಕೆಲುಬಲ್ಲ. ಕ್ಯಾರಿಬೂ (ಹಿಮಸಾರಂಗ) ಚರ್ಮದ ಅಂಗಿಗೆ ಬಿಳಿ ತುಪ್ಪಳದ ಪಟ್ಟಿ ಹೊಲಿಯುತ್ತಿದ್ದರು. ಪಟ್ಟಿ ಅಂಗಿಯ ಅಂಚನ್ನೇ ಹಿಡಿದು ಸಾಗಿದ್ದರೆ ಅದು ಉಡುಪು. ಹೆಂಗಸರ ಮುಖದ ಹಚ್ಚೆಯೂ ಆಗ ಸಾಮಾನ್ಯ ರೂಢಿ, ಅದೊಂದೇ ಶಾಮನ್ ಗುರುತಲ್ಲ. ತಮಟೆ ಬರೀ ಹಾಡು-ಕುಣಿತದ ಕೂಟದಲ್ಲೂ ಇರುತ್ತಿತ್ತು.

ಮೀನಿನ ಬಾಲದ ಹೆಣ್ಣು ಸ್ವತಃ ಶಾಮನ್ ಅಲ್ಲ, ಕಡಲ ಒಡತಿ ತಲೀಲಾಯು (ಸೆಡ್ನಾ ಎಂದೂ ಹೆಸರು). ಜನ ಕಟ್ಟಳೆ ಮುರಿದರೆ ಅವಳು ಸೀಲ್‌ಗಳನ್ನು ತಡೆಹಿಡಿಯುತ್ತಾಳೆ. ಬೆರಳಿಲ್ಲದ ಅವಳ ಸಿಕ್ಕುಗಟ್ಟಿದ ಕೂದಲನ್ನು ಬಾಚಲು ಅಂಗಾಕ್ಕುಕ್ ಕಡಲ ತಳಕ್ಕೆ ಇಳಿಯುತ್ತಾನೆ. ಚಿತ್ರದಲ್ಲಿ ಬಾಚುವ ಇನ್ನೊಬ್ಬ ವ್ಯಕ್ತಿ ಇದ್ದಾನೆಯೇ ನೋಡಿ.

ಕೇಪ್ ಡಾರ್ಸೆಟ್‌ನ ಕಲಾವಿದೆ ಕೆನೊಜುವಾಕ್ ಅಶೆವಾಕ್ ಅವರ 1960ರ ‘ಎನ್‌ಚಾಂಟೆಡ್ ಔಲ್’ (ಮೋಡಿಯ ಗೂಬೆ) ಒಳ್ಳೆಯ ಪರೀಕ್ಷೆ. ದುಂಡು ಕಣ್ಣಿನ ಗೂಬೆ, ಸುತ್ತ ಬಳುಕುವ ಉದ್ದ ಗರಿಗಳು. ಮನುಷ್ಯನ ಅಂಗವಿಲ್ಲ, ತಮಟೆಯಿಲ್ಲ, ಎಲುಬಿಲ್ಲ. 50 ಪ್ರತಿಗಳಲ್ಲಿ 25 ಕೆಂಪು-ಕಪ್ಪು, 25 ಹಸಿರು-ಕಪ್ಪು. ಬಣ್ಣದಲ್ಲಿ ಗುಟ್ಟು ಹುಡುಕುವುದು ವ್ಯರ್ಥ. ಚೆಂದದ ಆಕಾರ ಕಟ್ಟುವುದೇ ತಮ್ಮ ಉದ್ದೇಶವೆಂದು ಕೆನೊಜುವಾಕ್ ಹೇಳುತ್ತಿದ್ದರು. ಈ ಗೂಬೆಯನ್ನು ಶಾಮನ್ ಪಟ್ಟಿಗೆ ಸೇರಿಸುವುದು ನನ್ನ ಮಟ್ಟಿಗೆ ತಪ್ಪು. ಎಷ್ಟೋ ಚಿತ್ರಗಳಿಗೆ ಶೀರ್ಷಿಕೆ ಇಟ್ಟವರು ಕಲಾವಿದರಲ್ಲ ಎಂಬುದೂ ನೆನಪಿರಲಿ.

ಕೆನಡಾದ ಇನ್ನೊಂದು ಇನ್ಯೂಟ್ ಊರಾದ ಉಲುಖಾಕ್ತೋಕ್‌ನ (ಹಿಂದಿನ ಹಾಲ್ಮನ್) ಕಲಾವಿದೆ ಹೆಲೆನ್ ಕಲ್ವಾಕ್ ಅವರ ಮಾತು ಬೇರೆ. ಅಂಗಾಕ್ಕುಕ್ ವಿದ್ಯೆಯನ್ನು ಹೆತ್ತವರಿಂದಲೇ ಅರಿತಿದ್ದವರು ಅವರು. ಅವರ ಚಿತ್ರದಲ್ಲಿ ಹಾರುವ ಮನುಷ್ಯ ಸಿಕ್ಕರೆ, ಶಾಮನ್ ಎಂಬ ಓದನ್ನೇ ಮೊದಲು ಹಿಡಿಯಿರಿ.