ಜಡ್ಜ್ ಸಾಹೇಬ್ರಿಗೆ ಒಂದು ಫೋನ್

ಹೋದ ವಾರ ಗದಗ ಕಡೆಯ ರೈತರೊಬ್ಬರು ಧಾರವಾಡದ ನನ್ನ ಆಫೀಸಿಗೆ ಬಂದಿದ್ದರು. ಕೈಚೀಲದಿಂದ ಪಹಣಿ, ನಕಾಶೆ ತೆಗೆದು ಟೇಬಲ್ ತುಂಬ ಹರಡಿದರು. ಹೊಲದ ದಾರಿಯ ತಕರಾರು. ತಹಶೀಲ್ದಾರರ ಆದೇಶಕ್ಕೆ ಹೈಕೋರ್ಟಿನಿಂದ ತಡೆ ಬೇಕಿತ್ತು. ಮಾತೆಲ್ಲ ಮುಗಿದು ಎದ್ದು ನಿಂತ ಮೇಲೆ ದನಿ ತಗ್ಗಿಸಿದರು. "ಸಾಹೇಬ್ರ, ಎಂ.ಎಲ್.ಎ. ನಮಗ ಭಾಳ ಬೇಕಾದವ್ರು. ಜಡ್ಜ್ ಸಾಹೇಬ್ರಿಗೆ ಒಂದ್ ಫೋನ್ ಹಾಕಿಸ್ಲೇನ್ರಿ?"

ಇಷ್ಟು ವರ್ಷ ವಕೀಲಿ ಮಾಡಿದರೂ ಈ ಮಾತು ಕೇಳಿದಾಗ ನನಗೆ ಸಿಟ್ಟು ಬರುತ್ತದೆ. ಅವರನ್ನು ಮತ್ತೆ ಕೂರಿಸಿದೆ. "ಕಾಕಾ, ನಿಮ್ಮ ಫೋನ್ ಮುಟ್ಟತೈತಿ ಅಂದ್ರ ಎದುರುಗಾರನ ಫೋನೂ ಮುಟ್ಟತೈತಿ. ಮುಂದಿನ ಇಲೆಕ್ಷನ್‌ದಾಗ ಅವನ ಮಂದಿ ಗೆದ್ದರ ಏನ್ ಮಾಡ್ತೀರಿ?"

ಜನ ತಪ್ಪು ತಿಳಿಯುವುದು ಇಲ್ಲೇ. ಎಂ.ಎಲ್.ಎ. ಕೈ ಜಡ್ಜ್ ತನಕ ಮುಟ್ಟುವುದಿಲ್ಲ ಅನ್ನುವುದನ್ನು ಅವರು ವ್ಯವಸ್ಥೆಯ ಕೊರತೆ ಅಂದುಕೊಂಡಿದ್ದಾರೆ. ಅದು ಬೇಕಂತಲೇ ಕಟ್ಟಿದ ಗೋಡೆ. ಕಾನೂನು ಮಾಡುವವರು ಒಬ್ಬರು, ಅದನ್ನು ನಡೆಸುವವರು ಇನ್ನೊಬ್ಬರು, ಸರಿಯಾಗಿ ನಡೆಸಿದರೋ ಇಲ್ಲವೋ ನೋಡುವವರು ಮತ್ತೊಬ್ಬರು. ಸಂವಿಧಾನದ 50ನೇ ವಿಧಿ ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರೆ ಇಡಿ ಅಂತಲೇ ಹೇಳುತ್ತದೆ. ತಹಶೀಲ್ದಾರರೂ ಜಡ್ಜ್ ಸಾಹೇಬರೂ ಒಬ್ಬರದೇ ಮಾತು ಕೇಳುವವರಾದರೆ, ತಹಶೀಲ್ದಾರರ ಮೇಲೆ ದೂರು ಹಿಡಿದು ನೀವು ಹೋಗುವುದಾದರೂ ಎಲ್ಲಿಗೆ?

ಇದೇ ತಪ್ಪಿನ ಇನ್ನೊಂದು ಮುಖ, "ಈ ಪಕ್ಷ, ಬಣ, ಜಗಳ ಯಾಕ್ರಿ, ಒಬ್ಬ ಛಲೋ ಮನಷ್ಯಾನ ಕೈಯಾಗ ಎಲ್ಲಾ ಕೊಟ್ಟುಬಿಡ್ರಿ" ಅನ್ನುವುದು. ನಮ್ಮೂರ ಗುಡಿಯಲ್ಲಿ ಎರಡು ಪಾರ್ಟಿ ಇದ್ದವು. ಹುಂಡಿಗೆ ಎರಡು ಕೀಲಿ, ಒಂದೊಂದು ಪಾರ್ಟಿಯ ಹತ್ತಿರ ಒಂದೊಂದು ಕೀಲಿಕೈ. ಎಣಿಕೆಯ ದಿನ ಇಬ್ಬರೂ ಬಂದೇ ತೆರೆಯಬೇಕು. ಇವರು ಎಣಿಸಿದ ಚಿಲ್ಲರೆಯನ್ನು ಅವರು ಮತ್ತೆ ಎಣಿಸುತ್ತಿದ್ದರು. ಜಂಪಖಾನೆ ಎತ್ತಿ ಕೊಡವುತ್ತಿದ್ದರು. ಮಧ್ಯಾಹ್ನದ ಊಟ ಸಂಜೆಗೆ ಹೋಗುತ್ತಿತ್ತು. ಆದರೆ ಲೆಕ್ಕದ ಬಗ್ಗೆ ಊರಲ್ಲಿ ಯಾರೂ ತಕರಾರು ಎತ್ತಿದ್ದು ನನಗೆ ನೆನಪಿಲ್ಲ. ಅಮೆರಿಕದ ಸಂವಿಧಾನ ಕಟ್ಟಿದವರಲ್ಲಿ ಒಬ್ಬನಾದ ಜೇಮ್ಸ್ ಮ್ಯಾಡಿಸನ್ 1787ರಲ್ಲಿ ಹೆಚ್ಚುಕಡಿಮೆ ಇದನ್ನೇ ವಾದಿಸಿದ. ಗುಂಪುಗಳನ್ನು ಅಳಿಸಲು ಹೋದರೆ ಸ್ವಾತಂತ್ರ್ಯವೂ ಹೋಗುತ್ತದೆ. ಗುಂಪುಗಳು ಜಾಸ್ತಿ ಇದ್ದರೆ ಯಾವ ಒಂದೂ ಎಲ್ಲರ ಮೇಲೆ ಸವಾರಿ ಮಾಡಲಾಗದು.

ಅಷ್ಟು ದೂರ ಯಾಕೆ? ಎಸ್.ಆರ್. ಬೊಮ್ಮಾಯಿ ನಮ್ಮ ಕಡೆಯವರೇ, ಈಗಿನ ಹಾವೇರಿ ಜಿಲ್ಲೆಯ ಕಾರಡಗಿಯವರು. ಅವರು ಮುಖ್ಯಮಂತ್ರಿಯಾಗಿದ್ದಾಗ, ಬೆಂಬಲ ಹಿಂತೆಗೆದಿದ್ದೇವೆ ಎಂಬ ಕೆಲವು ಶಾಸಕರ ಪತ್ರಗಳು ರಾಜ್ಯಪಾಲರಿಗೆ ಬಂದವು. ಅವರಲ್ಲೇ ಕೆಲವರು ಮರುದಿನ ಮಾತು ತಿರುಗಿಸಿದರು. ಸದನದಲ್ಲೇ ಬಹುಮತ ತೋರಿಸುತ್ತೇನೆ ಎಂದು ಬೊಮ್ಮಾಯಿ ಕೇಳಿದರೂ, 1989ರ ಏಪ್ರಿಲ್ 21ರಂದು ಕೇಂದ್ರ ಅವರ ಸರ್ಕಾರವನ್ನು ವಜಾ ಮಾಡಿತು. ಹೈಕೋರ್ಟ್ ಅವರ ಅರ್ಜಿ ತಳ್ಳಿಹಾಕಿತು. 1994ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ, ಬಹುಮತ ಎಣಿಸಬೇಕಾದ ಜಾಗ ಸದನ, ರಾಜಭವನ ಅಲ್ಲ ಎಂದಿತು. ಹೋದ ಸರ್ಕಾರ ವಾಪಸ್ ಬರಲಿಲ್ಲ. ಆದರೆ ಆಮೇಲೆ ದೆಹಲಿಯವರಿಗೆ ರಾಜ್ಯ ಸರ್ಕಾರಗಳನ್ನು ಹಾಗೆ ಸುಮ್ನೆ ಕಿತ್ತುಹಾಕುವುದು ಕಷ್ಟವಾಯಿತು.

ಗೋಡೆ ಯಾವಾಗಲೂ ಗಟ್ಟಿಯಾಗಿ ನಿಲ್ಲುತ್ತದೆ ಅಂತ ನಾನು ಭರವಸೆ ಕೊಡಲಾರೆ. 1976ರಲ್ಲಿ, ತುರ್ತು ಪರಿಸ್ಥಿತಿಯಲ್ಲಿ ಬಂಧಿತರಾದವರು ಕೋರ್ಟಿಗೆ ಬರುವ ಹಾಗಿಲ್ಲ ಎಂದು ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ಹೇಳಿದರು. ಒಪ್ಪದೆ ಬೇರೆ ತೀರ್ಪು ಬರೆದವರು ಎಚ್.ಆರ್. ಖನ್ನಾ ಒಬ್ಬರೇ.

ಎಂ.ಎಲ್.ಎ. ಹತ್ತಿರ ಹೋಗಬೇಡಿ ಅಂತಲ್ಲ. ರಸ್ತೆ, ಕೆರೆ, ಶಾಲೆ ಕೊಠಡಿ ಕೇಳಲು ಅವಶ್ಯ ಹೋಗಿ. ಕೋರ್ಟಿನಲ್ಲಿರುವ ಕೇಸಿಗೆ ಮಾತ್ರ ಬೇಡ. ಕೇಸಿಗೇ ಮುಳುವಾಗಬಹುದು.

ಇಷ್ಟೆಲ್ಲ ಕೇಳಿ ಕಾಕಾ ಪಹಣಿ ಮಡಚಿ ಚೀಲಕ್ಕೆ ಹಾಕಿಕೊಂಡರು. ಬಾಗಿಲ ತನಕ ಹೋಗಿ ತಿರುಗಿ ನಿಂತರು. "ಹಂಗಾರ ಅವಂದೂ ಫೋನ್ ಮುಟ್ಟೂದಿಲ್ಲ, ಹೌದಲ್ರಿ?"

"ಮುಟ್ಟಬಾರದು" ಅಂದೆ.