ಪಂಚಭುಜದ ಟೈಲ್ಸ್ ಕೂರುತ್ತಾ ಕೂರಲ್ವಾ? ಈ ಗೋಜಲು ಶುರುವಾಗಿದ್ದೆಲ್ಲಿ

ಸಂದು ಬಿಡದೆ ನೆಲ ತುಂಬೋ ಟೈಲ್ಸ್ ಎಷ್ಟು ಬಗೆ ಅಂತ ಕೇಳಿದ್ರೆ ಒಬ್ರು ಮೂರೇ ಆಕಾರ ಅಂತಾರೆ, ಇನ್ನೊಬ್ರು 11 ಅಂತಾರೆ, ಮತ್ತೊಬ್ರು 15 ಅಂತಾರೆ, ಇದರ ಮಧ್ಯ 2023ರಲ್ಲಿ ಹೊಸದೊಂದು ಸಿಕ್ತು ಅಂತ ಸುದ್ದಿ ಬೇರೆ. ತಮಾಷೆ ಏನಂದ್ರೆ ಎಲ್ರೂ ಹೇಳ್ತಿರೋದು ಸರಿನೇ, ಪ್ರಶ್ನೆಗಳು ಬೇರೆ ಬೇರೆ ಅಷ್ಟೇ.

ಮೂಲ ಪ್ರಶ್ನೆ ಸಲೀಸು. ಬದಿ, ಕೋನ ಎಲ್ಲಾ ಸಮ ಇರೋ ಒಂದೇ ನಮೂನೆ ಟೈಲ್ಸ್, ಸಂದು ಬಿಡ್ಬಾರ್ದು, ಒಂದರ ಮೇಲೊಂದು ಏರ್ಬಾರ್ದು. ಮೂಲೆಗಳು ಸೇರೋ ಕಡೆ ಕೋನ ಕೂಡಿದ್ರೆ 360 ಡಿಗ್ರಿ ಬರ್ಬೇಕು. ತ್ರಿಭುಜದ್ದು 60, ಆರು ಕೂರುತ್ತೆ. ಚೌಕದ್ದು 90, ನಾಲ್ಕು. ಷಡ್ಭುಜದ್ದು 120, ಮೂರು. ಪಂಚಭುಜದ್ದು 108, ಮೂರಿಟ್ರೆ 36 ಡಿಗ್ರಿ ಸಂದು ಉಳಿಯುತ್ತೆ, ನಾಲ್ಕನೇದು ತುರುಕಕ್ಕಾಗಲ್ಲ. ಏಳು ಬಾಹುವಿಂದ ಮೇಲೆ ಮೂರಿಟ್ರೆ ಹಿಡಿಯಲ್ಲ, ಎರಡಿಟ್ರೆ ಸಾಲಲ್ಲ. ಇಟ್ಟಿಗೆ ಗೋಡೆ ಥರ ಸರಿಸಿ ಒಂದರ ಮೂಲೆ ಇನ್ನೊಂದರ ಬದಿಗೆ ತಾಗಿಸಿದ್ರೂ 180 ತುಂಬ್ಬೇಕು, ಅದು ತ್ರಿಭುಜ, ಚೌಕ ಬಿಟ್ರೆ ಯಾವುದಕ್ಕೂ ಆಗಲ್ಲ. ಸೋ ಮೂರೇ.

ಇದು ಹಳೇ ಗ್ರೀಕರಿಗೇ ಗೊತ್ತಿತ್ತು. 1619ರಲ್ಲಿ ಕೆಪ್ಲರ್, ಬೇರೆ ಬೇರೆ ಆಕಾರ ಬೆರೆಸಿ ಆದ್ರೆ ಪ್ರತಿ ಮೂಲೆನೂ ಒಂದೇ ಥರ ಬರ್ಬೇಕು ಅಂದ್ರೆ ಈ ಮೂರೂ ಸೇರಿ 11 ವಿನ್ಯಾಸ ಅಂತ ತೋರಿಸಿದ. ಎರಡು ಅಷ್ಟಭುಜದ ನಡುವೆ ಒಂದು ಚೌಕ ಇಡೋದು ಅದರಲ್ಲೊಂದು, 135+135+90.

ಗೋಜಲಾಗಿದ್ದು "ಸಮ" ಅನ್ನೋ ಷರತ್ತು ಕೈಬಿಟ್ಟಾಗ. ಬದಿ ಕೋನ ಹೇಗಾದ್ರೂ ಇರ್ಲಿ, ಒಳಗೆ ತಗ್ಗಿಲ್ಲದ ಯಾವ ಪಂಚಭುಜ ನೆಲ ತುಂಬುತ್ತೆ? 1918ರಲ್ಲಿ ಜರ್ಮನಿಯ ಕಾರ್ಲ್ ರೈನ್‌ಹಾರ್ಟ್ 5 ಬಗೆ ಕಂಡುಹಿಡಿದ, ಅಷ್ಟೇ ಇರೋದು ಅಂತ ಜನ ಅಂದ್ಕೊಂಡ್ರು. ಐವತ್ತು ವರ್ಷ ಆದ್ಮೇಲೆ, 1968ರಲ್ಲಿ, ಇನ್ನೂ 3 ಸೇರಿ 8 ಆಯ್ತು, ಈ ಸಲ ಪಟ್ಟಿ ಪೂರ್ತಿ ಅಂತ ಘೋಷಣೆನೂ ಆಯ್ತು, ಪ್ರೂಫ್ ಮಾತ್ರ ಜೊತೆಗಿರ್ಲಿಲ್ಲ. ಯಾರೂ ಅಷ್ಟಾಗಿ ಕೇಳ್ಲೂ ಇಲ್ಲ ಅನ್ಸುತ್ತೆ.

1975ರಲ್ಲಿ ಮಾರ್ಟಿನ್ ಗಾರ್ಡ್ನರ್ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯ ತಮ್ಮ ಗಣಿತ ಅಂಕಣದಲ್ಲಿ ಈ ಪಟ್ಟಿ ಬರೆದ್ರು, ಓದಿದ ರಿಚರ್ಡ್ ಜೇಮ್ಸ್ ಅನ್ನೋರು ಒಂಬತ್ತನೇದು ಕಳಿಸಿದ್ರು. ಅದಾದ್ಮೇಲೆ ಬಂದೋರು ಮಾರ್ಜರಿ ರೈಸ್, ಸ್ಯಾನ್ ಡಿಯೇಗೋದ ಗೃಹಿಣಿ, ಐದು ಮಕ್ಕಳ ತಾಯಿ, ಗಣಿತ ಓದಿದ್ದು ಹೈಸ್ಕೂಲಿಗೇ ಮುಗಿದಿತ್ತು, ಮಗನಿಗೆ ಬರ್ತಿದ್ದ ಪತ್ರಿಕೆಲಿ ಇದನ್ನ ನೋಡಿ, ತಮಗೆ ತಾವೇ ಒಂದು ಗುರುತಿನ ಲಿಪಿ ಮಾಡ್ಕೊಂಡು, ಅಡುಗೆಮನೆ ಕಟ್ಟೆ ಮೇಲೆ ಚಿತ್ರ ಬರೀತಾ, ಯಾರಾದ್ರೂ ಬಂದ್ರೆ ಮುಚ್ಚಿಡ್ತಾ, 1977ರ ಹೊತ್ತಿಗೆ ನಾಲ್ಕು ಹೊಸ ಬಗೆ ಕಂಡುಹಿಡಿದ್ರು. ನಾಲ್ಕು! ಅವರ ಚಿಹ್ನೆಗಳನ್ನ ಬಿಡಿಸಿ ಓದಿ ಸರಿ ಇದೆ ಅಂದಿದ್ದು ಗಣಿತಜ್ಞೆ ಡೋರಿಸ್ ಶಾಟ್‌ಶ್ನೈಡರ್. "ಪಟ್ಟಿ ಮುಗೀತು" ಅನ್ನೋ ಮಾತನ್ನ ನಂಬಿ ಕೂತಿದ್ರೆ ಇದ್ಯಾವುದೂ ಆಗ್ತಿರ್ಲಿಲ್ಲ.

1985ರಲ್ಲಿ ಹದಿನಾಲ್ಕನೇದು, 2015ರಲ್ಲಿ ಕಂಪ್ಯೂಟರ್ ಹುಡುಕಾಟದಿಂದ ಹದಿನೈದನೇದು. 2017ರಲ್ಲಿ ಫ್ರಾನ್ಸಿನ ಮಿಖಾಯೆಲ್ ರಾವ್ ಕಂಪ್ಯೂಟರ್ ಸಹಾಯದಿಂದ 15ಕ್ಕಿಂತ ಜಾಸ್ತಿ ಇಲ್ಲ ಅಂತ ಪ್ರೂಫ್ ಕೊಟ್ರು. ಏಳು ಅಥವಾ ಅದಕ್ಕಿಂತ ಜಾಸ್ತಿ ಬಾಹು ಇರೋ ತಗ್ಗಿಲ್ಲದ ಆಕಾರ ಯಾವುದೂ ಕೂರಲ್ಲ ಅನ್ನೋದು ಮೊದಲೇ ಗೊತ್ತಿತ್ತು.

2023ರ ಸುದ್ದಿ ಬೇರೇನೇ. ಡೇವಿಡ್ ಸ್ಮಿತ್ ಅನ್ನೋ ಹವ್ಯಾಸಿಗೆ ಸಿಕ್ಕ 13 ಬದಿಯ "ಟೋಪಿ" ನೆಲ ತುಂಬುತ್ತೆ, ಆದ್ರೆ ವಿನ್ಯಾಸ ಯಾವತ್ತೂ ತಿರುಗಿ ಅದೇ ಅದೇ ಬರಲ್ಲ. ಅಂದಹಾಗೆ ಒಂದು ಷಡ್ಭುಜವನ್ನ ಗಾಳಿಪಟದ ಥರ ಆರು ಚೂರು ಮಾಡಿದ್ರೆ, ಅಂಥ ಎಂಟು ಚೂರು ಸೇರಿದ್ದೇ ಈ ಟೋಪಿ.