ಕ್ಯೂ ಕೋಲಿನ ಕೊನೆಯ ಒಂದಂಗುಲ

ಬಳ್ಳಾರಿಯಲ್ಲಿ ಮೇ ತಿಂಗಳ ಮಧ್ಯಾಹ್ನ ಹೊರಗೆ ಕಾಲಿಡುವವನಿಗೆ ಬುದ್ಧಿ ಕಡಿಮೆ ಎಂದೇ ಲೆಕ್ಕ. ಅಂಥದೊಂದು ಮಧ್ಯಾಹ್ನ ಸ್ನೂಕರ್ ಆಡುವ ಕೋಲನ್ನು, ಅಂದರೆ ಕ್ಯೂವನ್ನು, ಕಾರಿನ ಹಿಂದಿನ ಸೀಟಿನಲ್ಲೇ ಬಿಟ್ಟು ಮದುವೆಯೂಟಕ್ಕೆ ಹೋಗಿದ್ದೆ. ಸಂಜೆ ಪಾರ್ಲರಿಗೆ ಬಂದು ಮೊದಲ ಹೊಡೆತ ಹೊಡೆದಾಗ ‘ಟಕ್’ ಎನ್ನಬೇಕಾದದ್ದು ಒಡಕು ಮಡಕೆಯ ದನಿಯಲ್ಲಿ ‘ಚಿಟ್’ ಎಂದಿತು. ತುದಿಯ ಹಿತ್ತಾಳೆ ಬಳೆಯನ್ನು ಬೆರಳಲ್ಲಿ ಹಿಡಿದು ನೋಡಿದರೆ ಬಾಟಲಿಯ ಮುಚ್ಚಳದಂತೆ ಸುಮ್ಮನೆ ತಿರುಗಿತು.

ಪಾರ್ಲರ್ ನೋಡಿಕೊಳ್ಳುವ ಹಿರಿಯರನ್ನು ಎಲ್ಲರೂ ಚಾಚಾ ಎನ್ನುತ್ತೇವೆ. ಅವರು ಕ್ಯೂವನ್ನು ಬೆಳಕಿಗೆ ಹಿಡಿದು, “ಬಿಸಿಲಿಗೆ ಹಿತ್ತಾಳೆ ಹಿಗ್ಗಿದೆ ಸರ್” ಎಂದರು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ನಾನೂ ತಲೆಯಾಡಿಸಿದೆ. ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ಏರಿಸುವುದನ್ನು ನೋಡಿ ಬೆಳೆದವರಿಗೆ ಬೇರೆ ಯಾವ ಕಾರಣ ಹೊಳೆದೀತು?

ರಾತ್ರಿ ಕಾಗದ ಹಿಡಿದು ಕೂತಾಗ ಲೆಕ್ಕ ಕೂಡಿಬರಲಿಲ್ಲ. ಒಂದು ಮೀಟರ್ ಹಿತ್ತಾಳೆ ಒಂದು ಡಿಗ್ರಿ ಬಿಸಿಗೆ ಹಿಗ್ಗುವುದು ಒಂದು ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಹತ್ತೊಂಬತ್ತು ಪಾಲು. ನನ್ನ ಬಳೆಯ ಅಗಲ 9 ಮಿ.ಮೀ. ಕಾರಿನೊಳಗೆ ಬಿಸಿ 30 ಡಿಗ್ರಿ ಏರಿತ್ತು ಎಂದುಕೊಂಡರೂ ಅದು ಹಿಗ್ಗಿದ್ದು 0.005 ಮಿ.ಮೀ. ಮಾತ್ರ. ಮರದ ಕತೆ ಬೇರೆ. ಸ್ನೂಕರ್ ಕ್ಯೂ ಮಾಡುವ ಆ್ಯಷ್ ಮರ ತನ್ನ ಒಣ ತೂಕದ ಶೇಕಡಾ ಒಂದರಷ್ಟು ತೇವ ಕಳೆದುಕೊಂಡರೆ, ಎಳೆಗೆ ಅಡ್ಡಲಾಗಿ, ಹೆಚ್ಚು ಕುಗ್ಗುವ ದಿಕ್ಕಿನಲ್ಲಿ, ಸುಮಾರು 0.25 ಶೇಕಡಾ ಸಣ್ಣದಾಗುತ್ತದೆ. ತೇವ ಹೀಗೆ ಶೇಕಡಾ ಮೂರು ಇಳಿದರೆ 9 ಮಿ.ಮೀ. ಮರ 0.07 ಮಿ.ಮೀ. ಕುಗ್ಗುತ್ತದೆ, ಅಂದರೆ ಹಿತ್ತಾಳೆ ಹಿಗ್ಗಿದ್ದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು. ಕಾರು ನೆಪ ಮಾತ್ರ, ಬಿಸಿಗೆ ಅಂಟು ಮೆತ್ತಗಾಗಿರಬಹುದು ಅಷ್ಟೆ. ಫೆಬ್ರವರಿಯಿಂದಲೂ ಈ ಊರಿನ ಒಣ ಗಾಳಿಗೆ ಕೋಲು ಬಳೆಯೊಳಗೆ ಸದ್ದಿಲ್ಲದೆ ಸೊರಗುತ್ತಲೇ ಬಂದಿತ್ತು.

ಈ ಬಳೆಯನ್ನೇ ಆಟಗಾರರು ಫೆರೂಲ್ ಎನ್ನುವುದು. ನಮ್ಮ ಅಜ್ಜಿಯ ಒನಕೆಯ ತುದಿಯಲ್ಲಿದ್ದ ಕಬ್ಬಿಣದ ಬಳೆಯ ಕೆಲಸವೇ ಇದರದ್ದೂ: ಪದೇಪದೇ ಪೆಟ್ಟು ತಿನ್ನುವ ಮರದ ತುದಿ ಸೀಳದಂತೆ ಸುತ್ತಲೂ ಬಿಗಿದು ಹಿಡಿಯುವುದು. ಜೊತೆಗೆ, ಮೇಲೆ ಅಂಟಿಸುವ ಚರ್ಮದ ಟಿಪ್‌ಗೆ ಮಟ್ಟಸವಾದ ಪೀಠವಾಗುವುದು. ಸ್ನೂಕರ್‌ನ ಸೋದರ ಆಟವಾದ ಪೂಲ್‌ನ ಹಳೆಯ ಕಾಲದ ಒಳ್ಳೆಯ ಕ್ಯೂಗಳಿಗೆ ಇದನ್ನು ಆನೆಯ ದಂತದಿಂದ ಮಾಡುತ್ತಿದ್ದರು. ಭಾರತದಲ್ಲಿ 1986ರಲ್ಲಿ ಇಲ್ಲಿನ ಆನೆಯ ದಂತದ, 1991ರಲ್ಲಿ ಆಫ್ರಿಕದ ದಂತದ ವ್ಯಾಪಾರ ನಿಂತಿತು. ನಿಂತದ್ದು ಒಳ್ಳೆಯದೇ ಆಯಿತು, ಆಟಕ್ಕೇನೂ ನಷ್ಟವಾಗಲಿಲ್ಲ. ಈಗ ಪೂಲ್ ಕ್ಯೂಗಳಲ್ಲಿ ಎಬಿಎಸ್ ಪ್ಲಾಸ್ಟಿಕ್, ಮೆಲಮೈನ್, ಫಿನಾಲಿಕ್ ರಾಳ ಇವುಗಳದೇ ಓಡಾಟ. ಸ್ನೂಕರ್ ಕ್ಯೂ ಮಾತ್ರ ಹಿತ್ತಾಳೆಯನ್ನು ಬಿಟ್ಟಿಲ್ಲ.

ಪೂಲ್‌ಗೆ ಹಿತ್ತಾಳೆ ಯಾಕೆ ಬೇಡ? ತೂಗಿ ನೋಡಿದರೆ ತಿಳಿಯುತ್ತದೆ. ಪೂಲ್ ಕ್ಯೂವಿನ ತುದಿ ಸುಮಾರು 13 ಮಿ.ಮೀ. ದಪ್ಪ. ಅದಕ್ಕೆ 25 ಮಿ.ಮೀ. ಉದ್ದದ ಫೆರೂಲ್ ತೊಡಿಸಿ, ಒಳಗೆ 8 ಮಿ.ಮೀ. ಮರ ಉಳಿಸಿಕೊಂಡರೆ ಫೆರೂಲಿನ ಗಾತ್ರ ಎರಡು ಘನ ಸೆಂಟಿಮೀಟರ್. ಎಬಿಎಸ್ ಆದರೆ ತೂಕ ಎರಡು ಗ್ರಾಂ, ಫಿನಾಲಿಕ್ ಆದರೆ ಮೂರರ ಹತ್ತಿರ, ಹಿತ್ತಾಳೆ ಆದರೆ ಹದಿನೇಳು! ಸ್ನೂಕರ್‌ನ ಬಳೆ ಸಪೂರ, ಗಿಡ್ಡ, ತೆಳು. ಹಿತ್ತಾಳೆಯದಾದರೂ ಎರಡು ಮೂರು ಗ್ರಾಂ ದಾಟುವುದಿಲ್ಲ.

ಅರ್ಧ ಕೆಜಿಯ ಕೋಲಿನಲ್ಲಿ ಹದಿನೈದು ಗ್ರಾಂ ಯಾವ ಲೆಕ್ಕ ಎಂದು ಕೇಳಬಹುದು. ಆದರೆ ಟಿಪ್ಪೂ ಚೆಂಡೂ ತಾಗಿಕೊಂಡಿರುವುದು ಒಂದು ಸೆಕೆಂಡಿನ ಸಾವಿರ ಪಾಲಿನಲ್ಲಿ ಒಂದು ಪಾಲಿನಷ್ಟು ಹೊತ್ತು. ಚೆಂಡಿನ ಪಕ್ಕಕ್ಕೆ ಹೊಡೆದಾಗ ಕೋಲಿನ ತುದಿ ಒಂದು ಕಡೆಗೆ ಸರಿಯುತ್ತದೆ, ಚೆಂಡು ಇನ್ನೊಂದು ಕಡೆಗೆ ಜಾರುತ್ತದೆ. ತುದಿ ಸರಿದ ಸುದ್ದಿ ಕೋಲಿನ ಹಿಂಬದಿಗೆ ಮುಟ್ಟುವ ಮೊದಲೇ ಚೆಂಡು ಹೊರಟುಹೋಗಿರುತ್ತದೆ. ಹಾಗಾಗಿ ಇಡೀ ಕೋಲಿನ ತೂಕ ಈ ವ್ಯವಹಾರದಲ್ಲಿಲ್ಲ, ತುದಿಯ ಒಂದು ಗೇಣಿನದಷ್ಟೇ ಇದೆ. ಆ ಗೇಣು ಭಾರವಾದಷ್ಟೂ ಬಿಳಿ ಚೆಂಡು ಗುರಿಯಿಂದ ಹೆಚ್ಚು ಸರಿಯುತ್ತದೆ. ಆಟಗಾರರು ಇದನ್ನು ಡಿಫ್ಲೆಕ್ಷನ್ ಎನ್ನುತ್ತಾರೆ. ಎರಡೇ ಡಿಗ್ರಿ ಸರಿದರೂ ಎರಡು ಮೀಟರ್ ದೂರದಲ್ಲಿ ಏಳು ಸೆಂಟಿಮೀಟರ್ ಆಚೀಚೆ, ಅಂದರೆ ಒಂದು ಪೂಲ್ ಚೆಂಡಿಗಿಂತ ಹೆಚ್ಚಿನ ಅಗಲ. 1990ರ ದಶಕದಿಂದ ಕ್ಯೂ ತಯಾರಕರು ತುದಿಯನ್ನು ಒಳಗಿಂದ ಟೊಳ್ಳು ಮಾಡಿ, ಫೆರೂಲನ್ನು ಹಗುರಗೊಳಿಸಿ ಮಾರುತ್ತಿರುವುದರ ಗುಟ್ಟು ಇದೇ. ವಿಶ್ವ ಪೂಲ್ ಸಂಸ್ಥೆಯ ನಿಯಮವೂ ಲೋಹದ ಫೆರೂಲ್ ಒಂದು ಅಂಗುಲ ಮೀರಬಾರದು ಎನ್ನುತ್ತದೆ. ನನ್ನನ್ನು ಕೇಳಿದರೆ ಪೂಲ್ ಆಡುವವರು ಫೆರೂಲಿನಲ್ಲಿ ಹುಡುಕಬೇಕಾದದ್ದು ಎರಡೇ: ಹಗುರವಾಗಿರಬೇಕು, ಬಿರುಕು ಬಿಡಬಾರದು. ಹೊಳಪಿಗೆ, ಬಣ್ಣದ ಉಂಗುರಗಳಿಗೆ ಕೊಡುವ ದುಡ್ಡು ಕಣ್ಣಿನ ಸುಖಕ್ಕೆ.

ಟಿಪ್‌ನ ವಿಷಯಕ್ಕೆ ಬಂದರೆ ಪಾರ್ಲರಿನಲ್ಲಿ ತಲೆಗೊಂದು ಮಾತು. ಮೆತ್ತನೆಯ ಚರ್ಮ ಹಾಕಿದರೆ ಚೆಂಡು ಹೆಚ್ಚು ಸುತ್ತುತ್ತದೆ ಎನ್ನುವುದು ಅದರಲ್ಲಿ ಹಳೆಯ ನಂಬಿಕೆ. ನಾನೂ ವರ್ಷಗಟ್ಟಲೆ ನಂಬಿದ್ದೆ. ವಾಸ್ತವದಲ್ಲಿ ಟಿಪ್ ಜಾರದಿದ್ದರೆ ಸಾಕು, ಚೆಂಡಿನ ವೇಗಕ್ಕೆ ತಕ್ಕಂತೆ ಅದು ಎಷ್ಟು ಸುತ್ತಬೇಕು ಎನ್ನುವುದನ್ನು ಪೆಟ್ಟು ಅದರ ನಡುವಿನಿಂದ ಎಷ್ಟು ದೂರ ಬಿತ್ತು ಎನ್ನುವುದೇ ತೀರ್ಮಾನಿಸುತ್ತದೆ. ನಡುವಿನಿಂದ ಅಂಚಿಗೆ ಅರ್ಧ ದಾರಿ, ಅಂದರೆ ಪೂಲ್ ಚೆಂಡಿನಲ್ಲಿ 14 ಮಿ.ಮೀ., ಹೆಚ್ಚುಕಡಿಮೆ ಕೊನೆಯ ಗಡಿ. ಅಲ್ಲಿ ಚೆಂಡಿನ ಮೈ ಕೋಲಿಗೆ 30 ಡಿಗ್ರಿ ಓರೆಯಾಗಿರುತ್ತದೆ. ಜಾರದೆ ಹಿಡಿಯಲು ಘರ್ಷಣ ಗುಣಾಂಕ, ಅಂದರೆ ಹಿಡಿತದ ಅಳತೆ, 0.58 ಆದರೂ ಬೇಕು. ಅದನ್ನು ಒದಗಿಸುವುದು ಟಿಪ್‌ಗೆ ಹಚ್ಚುವ ಚಾಕ್. ಅದು ಶಾಲೆಯ ಹಲಗೆಗೆ ಬರೆಯುವ ಸುಣ್ಣದ ಜಾತಿಯದಲ್ಲ, ನುಣ್ಣಗೆ ಅರೆದ ಸಿಲಿಕಾ ಮತ್ತು ಉಜ್ಜುಪುಡಿಯ ಮಿಶ್ರಣ. ಸ್ಪಿಂಕ್ಸ್ ಮತ್ತು ಹಾಸ್ಕಿನ್ಸ್ ಎಂಬ ಇಬ್ಬರು ಅಮೆರಿಕನ್ನರು 1897ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಮೆತ್ತನೆಯ ಚರ್ಮದ ನಿಜವಾದ ಉಪಕಾರ ಇಲ್ಲಿದೆ: ಅದು ಚಾಕ್ ಅನ್ನು ಬೇಗ ಬಿಟ್ಟುಕೊಡುವುದಿಲ್ಲ. ಗಟ್ಟಿ ಟಿಪ್ ಇಟ್ಟುಕೊಂಡು ಪ್ರತಿ ಹೊಡೆತಕ್ಕೂ ಶ್ರದ್ಧೆಯಿಂದ ಚಾಕ್ ಹಚ್ಚುವವನಿಗೆ ಸುತ್ತು ಒಂದು ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ.

ಗಟ್ಟಿ ಟಿಪ್ ಶಕ್ತಿಯನ್ನು ಕಡಿಮೆ ನುಂಗುತ್ತದೆ, ಆದ್ದರಿಂದ ಆಟ ಆರಂಭಿಸುವ ಬ್ರೇಕ್ ಹೊಡೆತಕ್ಕೆ ಅದು ಸರಿ. ಅದರ ಖಣ್ ಎನ್ನುವ ಸದ್ದು ಕೇಳಿದವನಿಗೆ ಇರುವುದಕ್ಕಿಂತ ಹೆಚ್ಚು ಬಲ ಬಂದಂತೆ ಅನ್ನಿಸುವುದೂ ಉಂಟು.

ಚರ್ಮದ ಗುಣದ ಬಗ್ಗೆ ನನಗೆ ಪಾಠ ಹೇಳಿದ್ದು ಪಾರ್ಲರಿನ ಕೆಳಗೆ ಚಪ್ಪಲಿ ಹೊಲಿಯುವ ಹಿರಿಯರು. ಹೊಸ ಟಿಪ್ ಒಂದನ್ನು ಅವರ ಅಂಗೈಗಿಟ್ಟೆ. ಉಗುರಿನಿಂದ ಒತ್ತಿದರು, ಅಂಚನ್ನು ಓರೆಯಾಗಿ ಹಿಡಿದು ನೋಡಿದರು. “ಇದು ಬೆನ್ನಿನ ಚರ್ಮ. ಹೊಟ್ಟೆಯದಾಗಿದ್ದರೆ ಎಳೆ ಸಡಿಲ ಇರುತ್ತಿತ್ತು” ಎಂದರು. ಒಂದೇ ತುಂಡಿನ ಟಿಪ್‌ಗಳ ತೊಂದರೆಯನ್ನು ಅವರು ಎರಡು ಮಾತಿನಲ್ಲಿ ಮುಗಿಸಿದ್ದರು. ಒಂದೇ ಪೆಟ್ಟಿಗೆಯ ಎರಡು ಟಿಪ್‌ಗಳು ಒಂದೇ ಮೃಗದ ಒಂದೇ ಭಾಗದವಾಗಿರಬೇಕಿಲ್ಲ. ಸಡಿಲ ಎಳೆಯದು ನಾಲ್ಕು ದಿನದಲ್ಲಿ ಅಣಬೆಯಂತೆ ಅಂಚು ಚಾಚಿ ಫೆರೂಲಿನ ಮೇಲೆ ಇಳಿಬೀಳುತ್ತದೆ. ತೆಳ್ಳನೆಯ ಚರ್ಮಗಳನ್ನು ಒಂದರ ಮೇಲೊಂದು ಅಂಟಿಸಿ ಒತ್ತಿದ ಪದರ ಟಿಪ್‌ಗಳು ದುಬಾರಿಯಾದರೂ ಗುಣದಲ್ಲಿ ಒಂದರಂತೆ ಇನ್ನೊಂದು. ಅವುಗಳಲ್ಲಿ ಬಹಳಷ್ಟು ಹಂದಿಯ ಚರ್ಮದವು. ಅದು ಬೇಡವೆನ್ನುವವರಿಗೆ ಎಮ್ಮೆಯ ಚರ್ಮದ್ದೂ ಸಿಗುತ್ತದೆ, ಕೊಳ್ಳುವಾಗ ಕೇಳಿ ತಿಳಿದುಕೊಳ್ಳಬೇಕು.

ಯಾವ ಚರ್ಮವಾದರೂ ದುಂಡು ಸರಿಯಿಲ್ಲದಿದ್ದರೆ ವ್ಯರ್ಥ. 2011ರ ಸರಣಿಯ 22 ಮಿ.ಮೀ. ಅಗಲದ ಒಂದು ರೂಪಾಯಿ ನಾಣ್ಯವನ್ನು ಪಕ್ಕದಲ್ಲಿ ನಿಲ್ಲಿಸಿ, ಪೂಲ್ ಟಿಪ್‌ನ ಉಬ್ಬು ಅದರ ಅಂಚಿನ ಬಾಗಿಗೆ ಹೊಂದುವಂತೆ ಉಜ್ಜುತ್ತೇನೆ. ಆಗ ಚೆಂಡಿನ ಕೊನೆಯ ಗಡಿಗೆ ಹೊಡೆದರೂ ಪೆಟ್ಟು ಬೀಳುವುದು ಟಿಪ್‌ನ ನಡುವಿನಿಂದ 5.5 ಮಿ.ಮೀ. ದೂರದಲ್ಲಿ. 13 ಮಿ.ಮೀ. ಟಿಪ್‌ನ ಅಂಚು ಇರುವುದು 6.5ರಲ್ಲಿ. ಚರ್ಮವನ್ನು ಚಪ್ಪಟೆಯಾಗಿ ಬಿಟ್ಟರೆ ಮೊದಲು ತಾಗುವುದು ಅಂಚೇ.

ನನ್ನ ಲೆಕ್ಕದ ಕಾಗದವನ್ನು ಮರುದಿನ ಚಾಚಾ ಅವರಿಗೆ ತೋರಿಸಿದೆ. ಓದಲಿಲ್ಲ, ಮಡಚಿ ಜೇಬಿಗಿಟ್ಟುಕೊಂಡರು. “ಮರ ಒಣಗಿದೆ ಎಂದರೆ ಈಗಲೇ ಬಳೆ ಕೂರಿಸೋಣ. ಮಳೆಗಾಲದಲ್ಲಿ ಬಿಗಿದರೆ ಬೇಸಿಗೆಗೆ ಮತ್ತೆ ಸಡಿಲ” ಎಂದು ಬ್ಲೇಡ್ ಕೈಗೆತ್ತಿಕೊಂಡರು. ಹಳೆಯ ಅಂಟನ್ನು ಹೆರೆದು, ಒಂದು ಸುತ್ತು ತೆಳು ಕಾಗದ ಸುತ್ತಿ, ಎಪಾಕ್ಸಿ ಸವರಿ ಬಳೆಯನ್ನು ತಿರುವುತ್ತಾ ಒತ್ತಿದರು. ಆಗಸ್ಟ್‌ನಲ್ಲಿ ಎರಡು ಮಳೆ ಬಿದ್ದ ಮೇಲೆ ಇಕ್ಕಳ ಹಿಡಿದು ತಿರುವಿ ನೋಡಿದೆ. ಅಲುಗಲಿಲ್ಲ.